ರಾಣೆಬೆನ್ನೂರಿಗೆ ಬಂದ ಕರ್ನಲ್, ಕೆನಡಾಕ್ಕೆ ಹೋಗದ ಡ್ಯೂಕ್

ಮಕ್ಕಳೇ, ನಯಾಗರಾ ಜಲಪಾತದ ಚಿತ್ರವನ್ನು ನೀವು ಕ್ಯಾಲೆಂಡರಿನಲ್ಲಾದರೂ ನೋಡಿರುತ್ತೀರಿ. ಆ ಹೊಳೆಯ ಒಂದು ದಂಡೆ ಅಮೆರಿಕ, ಇನ್ನೊಂದು ದಂಡೆ ಕೆನಡಾ. ನನ್ನ ಹಿರಿಯ ಮಗಳ ಮನೆ ಅಮೆರಿಕದ ಬಫಲೋದಲ್ಲಿ, ಕಿರಿಯವಳ ಮನೆ ಆಚೆ ದಂಡೆಯ ಸೇಂಟ್ ಕ್ಯಾಥರೀನ್ಸ್‌ನಲ್ಲಿ. ಕಾರಿನಲ್ಲಿ ಒಂದು ತಾಸಿನ ಹಾದಿ. ನಮ್ಮ ಹಾವೇರಿಯಿಂದ ರಾಣೆಬೆನ್ನೂರಿಗೆ ಹೋಗಿ ಬಂದ ಹಾಗೆ. ನಡುವೆ ಪಾಸ್‌ಪೋರ್ಟ್ ತೋರಿಸಬೇಕು, ಅಷ್ಟೇ ವ್ಯತ್ಯಾಸ.

ಈ ಸಲದ ದೀಪಾವಳಿಗೆ ಎರಡೂ ಮನೆಯವರು ಬಫಲೋದಲ್ಲಿ ಸೇರಿದ್ದರು. ಅಲ್ಲಿ ನನ್ನ ಮೊಮ್ಮಗನಿಗೂ ಮೊಮ್ಮಗಳಿಗೂ ಜಗಳ ಹತ್ತಿತು. ಕರ್ಚಿಕಾಯಿಗಲ್ಲ, ಮೊಬೈಲಿಗೂ ಅಲ್ಲ. 1812ರಲ್ಲಿ ಶುರುವಾದ ಒಂದು ಯುದ್ಧಕ್ಕೆ!

"ಅಜ್ಜಾ, ಅಮೆರಿಕದವರು ನಮ್ಮ ಮ್ಯಾಲೆ ದಂಡು ತಗೊಂಡು ಬಂದ್ರು. ನಾವು ಹೊಡೆದು ಓಡಿಸಿದ್ವಿ. ನಮ್ಮ ಪುಸ್ತಕದಾಗ ಐತಿ" ಎಂದಳು ಮೊಮ್ಮಗಳು ವಿಡಿಯೋ ಕಾಲಿನಲ್ಲಿ. "ಇಲ್ಲಜ್ಜಾ, ಇಂಗ್ಲಿಷರ ಕಾಟ ತಡೀಲಾರದ ನಾವು ಎದ್ದು ನಿಂತ್ವಿ, ನಾವ ಗೆದ್ವಿ" ಎಂದ ಮೊಮ್ಮಗ. ಅವಳು "ನಿಮ್ಮವರು ನಮ್ಮ ಊರು ಸುಟ್ರು" ಎಂದರೆ ಇವನು "ನಿಮ್ಮವರು ನಮ್ಮ ಬಫಲೋನ ಸುಟ್ರಲ್ಲ" ಎಂದ. ಆಮೇಲೆ ಇಬ್ಬರಿಗೂ ಮಾತು ನಿಂತಿತು. ಮೂರು ದಿನ ಬೇರೆ ಬೇರೆ ಕೋಣೆ. "ಹಾವೇರಿ ಹುಡುಗರಿಗೆ ಯಾರದೋ ಜಗಳ ಯಾಕ ಬೇಕಾಗಿತ್ತು" ಎಂದು ಇವರ ಅಜ್ಜಿ ಇಲ್ಲಿ ಕೂತು ಮರುಗಿದಳು. ಕಡೆಗೆ ಪಂಚಾಯಿತಿ ನನ್ನ ಪಾಲಿಗೆ ಬಂತು. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಹಾಗಾಗಿ ಈ ವಾರದ ಅಂಕಣದಲ್ಲಿ ನಿಮಗೂ ಸೇರಿಸಿ ಹೇಳುತ್ತಿದ್ದೇನೆ.

ಮೊದಲಿಗೆ, ಇಬ್ಬರ ಪುಸ್ತಕದಲ್ಲೂ ಸುಳ್ಳಿಲ್ಲ. ಆಗ ಕೆನಡಾ ಎಂಬ ದೇಶವೇ ಇರಲಿಲ್ಲ. ಅದು ದೇಶವಾದದ್ದು 1867ರಲ್ಲಿ. ಅದಕ್ಕೂ ಮುಂಚೆ ಅದು ಇಂಗ್ಲೆಂಡಿನ ವಸಾಹತು. ಯೂರೋಪಿನಲ್ಲಿ ಇಂಗ್ಲೆಂಡಿಗೂ ನೆಪೋಲಿಯನ್ನನಿಗೂ ಜೀವದ ಹೋರಾಟ ನಡೆದಿತ್ತು. ಇಂಗ್ಲಿಷ್ ನೌಕಾಪಡೆಗೆ ಆಳು ಸಾಲುತ್ತಿರಲಿಲ್ಲ. ಅವರು ನಡುಗಡಲಿನಲ್ಲಿ ಅಮೆರಿಕದ ಹಡಗು ನಿಲ್ಲಿಸಿ, "ನೀನು ನಮ್ಮವನು" ಎಂದು ನಾವಿಕರನ್ನು ಎಳೆದೊಯ್ಯುತ್ತಿದ್ದರು. ಫ್ರಾನ್ಸಿನ ಜೊತೆ ವ್ಯಾಪಾರ ಮಾಡುವ ಹಡಗುಗಳನ್ನು ತಡೆಯುವ ಕಾನೂನನ್ನೂ ಮಾಡಿಕೊಂಡಿದ್ದರು. ಅಮೆರಿಕಕ್ಕೆ ಇದು ಅವಮಾನ, ನಷ್ಟ ಎರಡೂ. ಜೊತೆಗೆ ಅಲ್ಲಿನ ಕೆಲವು ಮುಖಂಡರಿಗೆ ಕೆನಡಾದ ಮೇಲೆ ಕಣ್ಣಿತ್ತು. ಪಶ್ಚಿಮದ ಕಾಡು ನಾಡಿನಲ್ಲಿ ಮೂಲನಿವಾಸಿಗಳ ನೆಲದ ಮೇಲಂತೂ ಎಲ್ಲರಿಗೂ ಕಣ್ಣಿತ್ತು. 1812ರ ಜೂನ್ 18ರಂದು ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್ ಯುದ್ಧ ಸಾರಿದರು.

ಇಲ್ಲೊಂದು ಮೋಜು ನೋಡಿ. ಐದೇ ದಿನಕ್ಕೆ, ಜೂನ್ 23ರಂದು, ಇಂಗ್ಲೆಂಡ್ ಆ ವ್ಯಾಪಾರದ ಕಾನೂನನ್ನು ಹಿಂತೆಗೆದುಕೊಂಡಿತು! ಅತ್ತ ಯುದ್ಧ ಸಾರಿದ್ದು ಇವರಿಗೆ ಗೊತ್ತಿಲ್ಲ, ಇತ್ತ ಕಾನೂನು ಹೋದದ್ದು ಅವರಿಗೆ ಗೊತ್ತಿಲ್ಲ. ನಡುವೆ ಅಟ್ಲಾಂಟಿಕ್ ಸಾಗರ, ಹಾಯಿಹಡಗಿನಲ್ಲಿ ವಾರಗಟ್ಟಲೆ ಪಯಣ. ನಾನು ಬ್ಯಾಡಗಿ ಶಾಖೆಯಲ್ಲಿದ್ದಾಗ ಮೆಣಸಿನಕಾಯಿ ವ್ಯಾಪಾರಿಗಳು ಮುಂಬೈಗೆ ಟ್ರಂಕ್ ಕಾಲ್ ಬುಕ್ ಮಾಡಿ ಕೂರುತ್ತಿದ್ದರು. ಅಲ್ಲಿ ದರ ಬಿದ್ದ ಸುದ್ದಿ ಸಂಜೆ ಬರುವಷ್ಟರಲ್ಲಿ ಇಲ್ಲಿ ಬೆಳಿಗ್ಗೆಯೇ ಏರಿದ ದರಕ್ಕೆ ಮಾಲು ಹಿಡಿದಾಗಿರುತ್ತಿತ್ತು. ಅರ್ಧ ದಿನ ತಡವಾದರೆ ಒಂದು ಅಂಗಡಿಗೆ ಪೆಟ್ಟು. ವಾರಗಟ್ಟಲೆ ತಡವಾದರೆ ಎಷ್ಟು ಪೆಟ್ಟು, ನೀವೇ ಲೆಕ್ಕ ಹಾಕಿ.

ಎಲ್ಲ ಕಾಳಗಗಳನ್ನೂ ಹೇಳುತ್ತ ಹೋದರೆ ಸಂಪಾದಕರು ಎರಡು ಪುಟ ಹೆಚ್ಚು ಕೊಡಬೇಕಾದೀತು. ಸುಟ್ಟ ಊರುಗಳ ಮಾತನ್ನಷ್ಟೇ ಹೇಳುತ್ತೇನೆ, ಜಗಳ ಅದರದೇ ಅಲ್ಲವೇ. 1813ರ ಏಪ್ರಿಲ್‌ನಲ್ಲಿ ಅಮೆರಿಕದ ಪಡೆ ಯಾರ್ಕ್ ಪಟ್ಟಣಕ್ಕೆ ನುಗ್ಗಿ ಸರ್ಕಾರಿ ಕಟ್ಟಡಗಳಿಗೆ ಬೆಂಕಿ ಇಟ್ಟಿತು. ಆ ಯಾರ್ಕ್ ಇವತ್ತಿನ ಟೊರಾಂಟೊ. ಅದೇ ವರ್ಷ ಡಿಸೆಂಬರ್ 10ರಂದು ನಯಾಗರಾ ಹೊಳೆಯ ಕೆನಡಾ ದಂಡೆಯ ನ್ಯೂವಾರ್ಕ್ ಎಂಬ ಊರನ್ನು ಸುಟ್ಟರು. ಹೆಂಗಸರು ಮಕ್ಕಳು ಹಿಮದಲ್ಲಿ ಬೀದಿಗೆ ಬಿದ್ದರು. ಇದಕ್ಕೆ ಸೇಡು ಎಂದು ಇಂಗ್ಲಿಷರು ಡಿಸೆಂಬರ್ 30ರಂದು ಹೊಳೆ ದಾಟಿ ಬಫಲೋ ಸುಟ್ಟರು. ಅಲ್ಲೂ ಹಿಮವೇ, ಅಲ್ಲೂ ಹೆಂಗಸರು ಮಕ್ಕಳೇ. ಮರುವರ್ಷ, 1814ರ ಆಗಸ್ಟ್ 24ರಂದು, ಇಂಗ್ಲಿಷರು ರಾಜಧಾನಿ ವಾಷಿಂಗ್ಟನ್ನಿಗೇ ಹೊಕ್ಕು ಅಧ್ಯಕ್ಷರ ಭವನಕ್ಕೆ ಬೆಂಕಿ ಹಚ್ಚಿದರು.

ಕೆನಡಾದವರ ಕಥೆಗಳಲ್ಲಿ ನನಗೆ ಬಹಳ ಹಿಡಿಸಿದ್ದು ಲಾರಾ ಸೆಕಾರ್ಡ್ ಎಂಬ ತಾಯಿಯದು. 1813ರ ಜೂನ್‌ನಲ್ಲಿ ಅಮೆರಿಕದವರು ಒಂದು ಠಾಣ್ಯದ ಮೇಲೆ ಬೀಳುವ ಸುದ್ದಿ ಈಕೆಯ ಕಿವಿಗೆ ಬಿತ್ತು. ಗಂಡ ಗಾಯಗೊಂಡು ಹಾಸಿಗೆ ಹಿಡಿದಿದ್ದ. ಈಕೆ ಒಬ್ಬಳೇ ಕಾಡು ಕೆಸರಿನಲ್ಲಿ ಸುಮಾರು 30 ಕಿಲೋಮೀಟರ್ ನಡೆದು ಸುದ್ದಿ ಮುಟ್ಟಿಸಿದಳು. ಹಾವೇರಿಯಿಂದ ರಾಣೆಬೆನ್ನೂರಿನ ಹತ್ತಿರದವರೆಗೆ ನಡೆದ ಲೆಕ್ಕ. ಈಗ ಅಲ್ಲಿ ಆಕೆಯ ಹೆಸರಿನ ಚಾಕೊಲೇಟೇ ಇದೆ. ಮೊಮ್ಮಗಳು ಒಂದು ಡಬ್ಬಿ ಕಳಿಸಿದ್ದಳು. ಸಕ್ಕರೆ ಕಾಯಿಲೆಯವನಿಗೆ ಚಾಕೊಲೇಟ್ ಕಳಿಸುವುದು ಒಂದು ಥರದ ಯುದ್ಧವೇ ಅನ್ನಿ!

ಇನ್ನು ಮೊಮ್ಮಗನ ದೇಶದ ರಾಷ್ಟ್ರಗೀತೆಯ ಮಾತು. ವಾಷಿಂಗ್ಟನ್ ಸುಟ್ಟ ಮೂರು ವಾರಕ್ಕೆ, ಸೆಪ್ಟೆಂಬರ್ 13 ಮತ್ತು 14ರಂದು, ಇಂಗ್ಲಿಷ್ ಹಡಗುಗಳು ಬಾಲ್ಟಿಮೋರಿನ ಮೆಕ್‌ಹೆನ್ರಿ ಕೋಟೆಯ ಮೇಲೆ ಸುಮಾರು 25 ತಾಸು ಬೆಂಕಿಯ ಮಳೆ ಸುರಿಸಿದವು. ಬೆಳಗಾದಾಗ ಕೋಟೆಯ ಮೇಲೆ ಅಮೆರಿಕದ ಬಾವುಟ ಹಾರುತ್ತಲೇ ಇತ್ತು. ಅದನ್ನು ಹಡಗಿನಿಂದ ಕಂಡ ಫ್ರಾನ್ಸಿಸ್ ಸ್ಕಾಟ್ ಕೀ ಎಂಬ ವಕೀಲ ಒಂದು ಪದ್ಯ ಬರೆದ. 1931ರಲ್ಲಿ ಅದು ರಾಷ್ಟ್ರಗೀತೆಯಾಯಿತು. ಅದರಲ್ಲಿ ರಾಕೆಟ್ಟುಗಳ ಕೆಂಪು ಬೆಳಕಿನ ಮಾತು ಬರುತ್ತದೆ. ಮೊಮ್ಮಗ ಶಾಲೆಯಲ್ಲಿ ದಿನಾ ಕೇಳುವ ಹಾಡು. ಆ ರಾಕೆಟ್ಟು ಎಲ್ಲಿಂದ ಬಂತು ಎಂದು ಕೇಳಿದೆ. "ಇಂಗ್ಲೆಂಡಿಂದ" ಎಂದ. ನಾನು "ಅಲ್ಲೋ, ನಮ್ಮ ಕಡೆಯಿಂದ" ಎಂದಾಗ ಫೋನಿನ ಆ ಕಡೆ ಗಪ್‌ಚಿಪ್. ಪಕ್ಕದ ಕೋಣೆಯಿಂದ ಮೊಮ್ಮಗಳೂ ಎದ್ದು ಬಂದಳು.

ಹೈದರಲಿ ಮತ್ತು ಟಿಪ್ಪುವಿನ ಸೇನೆಯಲ್ಲಿ ರಾಕೆಟ್ ಬಾಣಗಳ ದೊಡ್ಡ ಪಡೆಯೇ ಇತ್ತು. ಬೇರೆಯವರ ಬಾಣಬಿರುಸಿಗೂ ಮೈಸೂರಿನದಕ್ಕೂ ಇದ್ದ ವ್ಯತ್ಯಾಸ ಒಂದೇ, ಮದ್ದು ತುಂಬುವ ಕೊಳವೆ ಕಬ್ಬಿಣದ್ದು. ಕಬ್ಬಿಣದ ಕೊಳವೆ ಹೆಚ್ಚಿನ ಒತ್ತಡ ತಡೆಯುತ್ತದೆ. ಹಾಗಾಗಿ ಮದ್ದನ್ನು ಗಟ್ಟಿಯಾಗಿ ಜಡಿಯಬಹುದು, ಬಾಣ ದೂರ ಹಾರುತ್ತದೆ. ಉದ್ದನೆಯ ಬಿದಿರಿಗೆ ಕಟ್ಟಿದರೆ ದಿಕ್ಕು ತಪ್ಪುವುದಿಲ್ಲ. ಒಂದು ಕಿಲೋಮೀಟರಿಗೂ ಹೆಚ್ಚು ದೂರ ಹೋಗುತ್ತಿತ್ತು. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಇಂಗ್ಲಿಷರ ಮದ್ದಿನ ಬಂಡಿಗಳು ಸಿಡಿದು ಅವರ ಪಡೆ ಮಣ್ಣುಗೂಡಿದ್ದರಲ್ಲಿ ಈ ರಾಕೆಟ್ಟುಗಳ ಪಾಲೂ ಇತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಸಿಕ್ಕ ರಾಕೆಟ್ಟುಗಳು ಇಂಗ್ಲೆಂಡಿನ ವೂಲಿಚ್ ಶಸ್ತ್ರಾಗಾರಕ್ಕೆ ಹೋದವು. ವಿಲಿಯಂ ಕಾಂಗ್ರೀವ್ ಎಂಬಾತ ಅವುಗಳ ಜಾಡು ಹಿಡಿದು ತನ್ನ ರಾಕೆಟ್ ಮಾಡಿದ. ಮೆಕ್‌ಹೆನ್ರಿ ಕೋಟೆಯ ಮೇಲೆ ಹಾರಿದ್ದು ಅವೇ. ಅಬ್ದುಲ್ ಕಲಾಂ ಅವರು ತರುಣರಾಗಿದ್ದಾಗ ಅಮೆರಿಕದ ನಾಸಾದ ವಾಲಪ್ಸ್ ಕೇಂದ್ರದಲ್ಲಿ ಟಿಪ್ಪುವಿನ ರಾಕೆಟ್ ಪಡೆಯ ವರ್ಣಚಿತ್ರ ನೋಡಿ ಬೆರಗಾಗಿದ್ದರು. ನೀವು ಅಷ್ಟು ದೂರ ಹೋಗಬೇಕಿಲ್ಲ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಸಿಕ್ಕವು. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಹೋದರೆ ಈ ರಾಕೆಟ್ಟುಗಳ ವಿಷಯ ಕೇಳಿ.

ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ, ಏಪ್ರಿಲ್ 5ರ ರಾತ್ರಿ, ಸುಲ್ತಾನಪೇಟೆಯ ತೋಪಿನಲ್ಲಿ ಈ ರಾಕೆಟ್ಟಿನ ಬಿಸಿ ತಿಂದು ಕತ್ತಲಲ್ಲಿ ಹಿಂದೆ ಸರಿದ ಒಬ್ಬ ಕರ್ನಲ್ ಇದ್ದ. ಹೆಸರು ಆರ್ಥರ್ ವೆಲ್ಲೆಸ್ಲಿ. ಮಂಡಿಗೆ ಗುಂಡು ತಾಗಿ ಊದಿಕೊಂಡಿತ್ತು. ಈ ಹೆಸರು ನೆನಪಿಟ್ಟುಕೊಳ್ಳಿ. ಮೊಮ್ಮಕ್ಕಳ ಯುದ್ಧ ಮುಗಿಸಿದವರಲ್ಲಿ ಇವನೂ ಒಬ್ಬ, ಮತ್ತು ಇವನು ಆ ಕೆಲಸ ಕಲಿತ ಶಾಲೆಗಳಲ್ಲಿ ನಮ್ಮ ರಾಣೆಬೆನ್ನೂರೂ ಒಂದು.

ಶ್ರೀರಂಗಪಟ್ಟಣ ಬಿದ್ದ ದಿನ ಅಲ್ಲಿನ ಸೆರೆಮನೆಯಿಂದ ಹೊರಬಂದವನು ಚನ್ನಗಿರಿಯ ಧೋಂಡಿಯಾ ವಾಘ್. ದಿಕ್ಕಿಲ್ಲದ ಸೈನಿಕರನ್ನೆಲ್ಲ ಕೂಡಿಸಿಕೊಂಡು ದೊಡ್ಡ ದಂಡು ಕಟ್ಟಿದ. ಉಭಯ ಲೋಕಗಳ ಒಡೆಯ ಎಂದು ತನಗೆ ತಾನೇ ಬಿರುದು ಕೊಟ್ಟುಕೊಂಡ! ಕೆಲವರು ಅವನನ್ನು ಇಂಗ್ಲಿಷರ ವಿರುದ್ಧ ಸೆಣಸಿದ ವೀರ ಎನ್ನುತ್ತಾರೆ, ಕೆಲವರು ಊರು ಸುಲಿದವನು ಎನ್ನುತ್ತಾರೆ. ನನ್ನ ಎಣಿಕೆಯಲ್ಲಿ ಅವನು ಎರಡೂ ಆಗಿದ್ದ. ಆಗ ನಮ್ಮ ಸೀಮೆ ಪೇಶ್ವೆಯ ಆಳ್ವಿಕೆಯಲ್ಲಿತ್ತು. ಪೇಶ್ವೆಯ ಒಪ್ಪಿಗೆ ಪಡೆದು, 31ರ ಹರೆಯದ ವೆಲ್ಲೆಸ್ಲಿ ಅವನ ಬೆನ್ನು ಹತ್ತಿ 1800ರ ಜೂನ್ ಕೊನೆಯ ವಾರ ಹರಿಹರದ ಹತ್ತಿರ ತುಂಗಭದ್ರೆ ದಾಟಿದ.

ಮಿರಗ ಮುಗಿದು ಆರಿದ್ರಾ ಮಳೆ ಕಾಲಿಡುವ ಹೊತ್ತು. ಹೊಳೆ ತುಂಬಿತ್ತು. ಇವತ್ತು ಹರಿಹರದಲ್ಲಿ ಬಸ್ಸು ಹತ್ತಿದರೆ ಮುಕ್ಕಾಲು ತಾಸಿಗೆ ರಾಣೆಬೆನ್ನೂರು. ಆಗ ಸಾವಿರಾರು ಸಿಪಾಯಿಗಳು, ಕುದುರೆಗಳು, ತೋಪುಗಳು, ಅಕ್ಕಿ ಹೇರಿದ ಎತ್ತುಗಳು, ಎಲ್ಲವೂ ಮಳೆಯಲ್ಲಿ ಹೊಳೆ ದಾಟಬೇಕು. ಜೂನ್ 27ರಂದು ರಾಣೆಬೆನ್ನೂರು ಮುಟ್ಟಿದಾಗ ಕೋಟೆಯೊಳಗಿದ್ದ ಧೋಂಡಿಯಾನ ಜನ ಗುಂಡು ಹಾರಿಸಿದರು. ಇಂಗ್ಲಿಷರು ಏಣಿ ಹಾಕಿ ಗೋಡೆ ಹತ್ತಿ ಕೋಟೆ ಹಿಡಿದರು. ಒಳಗಿದ್ದವರ ಗತಿ ಏನಾಯಿತೆಂದು ಮಕ್ಕಳ ಪತ್ರಿಕೆಯಲ್ಲಿ ವಿವರವಾಗಿ ಬರೆಯಲಾರೆ. ಬಿತ್ತನೆಯ ಕಾಲದಲ್ಲಿ ಎರಡು ದಂಡುಗಳ ನಡುವೆ ಸಿಕ್ಕ ಸುತ್ತಲಿನ ರೈತರ ಹೆಸರುಗಳಂತೂ ಯಾವ ಕಾಗದದಲ್ಲೂ ಇಲ್ಲ.

ಮುಂದೆ ವರದಾ ನದಿ. ಹಾವೇರಿಯವರಿಗೆ ವರದೆಯ ಸ್ವಭಾವ ಗೊತ್ತು. ಬೇಸಿಗೆಯಲ್ಲಿ ಮರಳು, ಮಳೆಗಾಲದಲ್ಲಿ ಗಳಗನಾಥದ ಸಂಗಮದವರೆಗೂ ಕೆಂಪು ನೀರಿನ ಅಬ್ಬರ. ದಂಡು ಅದರ ದಂಡೆಯಲ್ಲಿ ದಿನಗಟ್ಟಲೆ ಕಾಯಬೇಕಾಯಿತು. ಜುಲೈ ಎರಡನೇ ವಾರ ಸವಣೂರು, 14ಕ್ಕೆ ಕುಂದಗೋಳ, 26ಕ್ಕೆ ಡಂಬಳ. ಇವನು ಒಂದು ಹೊಳೆ ದಾಟುವಷ್ಟರಲ್ಲಿ ಅವನು ಇನ್ನೊಂದು ಹೊಳೆಯ ಆಚೆ. ಆ ದಿನಗಳಲ್ಲಿ ವೆಲ್ಲೆಸ್ಲಿ ಬರೆದ ಪತ್ರಗಳಲ್ಲಿ ಶೌರ್ಯದ ಮಾತಿಗಿಂತ ದೋಣಿ, ಅಕ್ಕಿ, ಎತ್ತು, ಹಣ, ಇವುಗಳ ಮಾತೇ ಹೆಚ್ಚು. ಓದಿದರೆ ನಮ್ಮ ಬ್ಯಾಂಕಿನ ಹಳೆಯ ಮ್ಯಾನೇಜರೊಬ್ಬರು ಮೇಲಿನ ಕಚೇರಿಗೆ ಬರೆದ ಹಾಗಿರುತ್ತದೆ. ಎಲ್ಲದಕ್ಕೂ ಲೆಕ್ಕ. ದಂಡಿನ ಹಿಂದೆ ಕಾಳು ಹೇರಿಕೊಂಡು ನಡೆದವರು ಬಣಜಾರರು, ನಮ್ಮ ಲಂಬಾಣಿಗರ ಹಿರಿಯರು. ತೋಪು ಎಳೆದದ್ದು ಮೈಸೂರಿನ ಅಮೃತಮಹಲ್ ಎತ್ತುಗಳು. ಕೊಬ್ಬರಿ ಹೋರಿಯ ಹಿಂದೆ ಓಡುವ ನಮ್ಮ ಜಿಲ್ಲೆಯ ಹುಡುಗರಿಗೆ ಎತ್ತಿನ ಬೆಲೆ ನಾನು ಹೇಳಬೇಕಿಲ್ಲ. ಮುಂದೆ ಸ್ಪೇನಿನ ಯುದ್ಧದಲ್ಲಿ ಇಂಥ ಎತ್ತುಗಳು ತನ್ನ ಬಳಿ ಇಲ್ಲವಲ್ಲ ಎಂದು ಆತ ಹಲುಬಿದನಂತೆ.

ಕಡೆಗೆ 1800ರ ಸೆಪ್ಟೆಂಬರ್ 10ರಂದು, ಕೃಷ್ಣೆ ತುಂಗಭದ್ರೆಯರ ನಡುವಿನ ಸೀಮೆಯ ಕೋಣಗಲ್ಲಿನಲ್ಲಿ ಧೋಂಡಿಯಾ ಸತ್ತ. ಅವನ ಬಿಡಾರದಲ್ಲಿ ಸಲಾಬತ್ ಖಾನ್ ಎಂಬ ಪುಟ್ಟ ಮಗು ಸಿಕ್ಕಿತು. ವೆಲ್ಲೆಸ್ಲಿ ಆ ಮಗುವನ್ನು ಸಾಕಿಸಿದ, ಹಿಂದೂಸ್ಥಾನ ಬಿಡುವಾಗ ಅದರ ಹೆಸರಿಗೆ ಹಣ ಇಟ್ಟು ಹೋದ. ಆ ಹುಡುಗ ದೊಡ್ಡವನಾಗಿ ಮೈಸೂರು ರಾಜರ ಸೇವೆಗೆ ಸೇರಿದ. ಕೋಟೆಯಲ್ಲಿ ದಯೆ ತೋರದವನೇ ಮಗುವಿಗೆ ತೋರಿದ. ಮನುಷ್ಯರ ಖಾತೆ ಹೀಗೇ, ಒಂದೇ ಕಡೆ ಬರೆದು ಗೆರೆ ಎಳೆಯಲು ಬರುವುದಿಲ್ಲ.

ಈಗ 14 ವರ್ಷ ಮುಂದಕ್ಕೆ ಹೋಗೋಣ. ಕರ್ನಲ್ ಈಗ ವೆಲಿಂಗ್ಟನ್ನಿನ ಡ್ಯೂಕ್, ಪ್ಯಾರಿಸ್ಸಿನಲ್ಲಿ ಇಂಗ್ಲೆಂಡಿನ ರಾಯಭಾರಿ. ಅಮೆರಿಕದ ಯುದ್ಧ ಮುಗಿಯುತ್ತಿಲ್ಲ. ನೀವು ಹೋಗಿ ಸೇನೆಯ ಹೊಣೆ ಹೊರುತ್ತೀರಾ ಎಂದು ಪ್ರಧಾನಿ ಲಿವರ್‌ಪೂಲ್ ಕೇಳಿದರು. 1814ರ ನವೆಂಬರ್‌ನಲ್ಲಿ ಡ್ಯೂಕ್ ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ಹೋಗು ಎಂದರೆ ಹೋಗುತ್ತೇನೆ. ಆದರೆ ಅಲ್ಲಿ ಬೇಕಾಗಿರುವುದು ಸೇನಾಪತಿಯಲ್ಲ, ದಂಡೂ ಅಲ್ಲ. ದೊಡ್ಡ ಸರೋವರಗಳ ಮೇಲೆ ಹಡಗಿನ ಹಿಡಿತ ಬೇಕು. ಅದಿಲ್ಲದೆ ನಾನು ಹೋಗಿಯೂ ಹೆಚ್ಚೇನೂ ಆಗದು. ಯುದ್ಧ ಈಗಿರುವ ಸ್ಥಿತಿಯಲ್ಲಿ ಅವರ ನೆಲ ಕೇಳುವ ಹಕ್ಕೂ ನಮಗಿಲ್ಲ.

ನೀರು ಯಾರ ಕೈಯಲ್ಲಿದೆಯೋ ದಾರಿ ಅವರದು. ವರದೆಯ ದಂಡೆಯಲ್ಲಿ ಮಳೆಯಲ್ಲಿ ನೆನೆದು ಕಾದವನಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ ಎಂಬುದು ನನ್ನ ಸ್ವಂತ ಊಹೆ, ಇತಿಹಾಸಕಾರರನ್ನು ಇದಕ್ಕೆ ಹೊಣೆ ಮಾಡಬೇಡಿ. ಅಷ್ಟರಲ್ಲಾಗಲೇ ಅಮೆರಿಕದ ಪೆರ್ರಿ 1813ರಲ್ಲಿ ಈರಿ ಸರೋವರದ ಕಾಳಗ ಗೆದ್ದಿದ್ದ. ಆ ತಾರೀಖೂ ಸೆಪ್ಟೆಂಬರ್ 10! ಪೊಳ್ಳಿಲೂರು, ಕೋಣಗಲ್ಲು, ಈರಿ, ಮೂರೂ ಒಂದೇ ತಾರೀಖು. ಪರೀಕ್ಷೆಗೆ ಓದುವವರಿಗೆ ಅನುಕೂಲ.

ಡ್ಯೂಕನ ಮಾತಿನ ಮೇಲೆ ಇಂಗ್ಲೆಂಡ್ ಪಟ್ಟು ಸಡಿಲಿಸಿತು. 1814ರ ಡಿಸೆಂಬರ್ 24ರಂದು ಗೆಂಟ್ ಎಂಬ ಊರಿನಲ್ಲಿ ಒಪ್ಪಂದವಾಯಿತು. ಏನೆಂದು? ಯುದ್ಧಕ್ಕೆ ಮುಂಚೆ ಯಾರ ನೆಲ ಎಷ್ಟಿತ್ತೋ ಅಷ್ಟೇ. ನಾವಿಕರನ್ನು ಎಳೆದೊಯ್ಯುವ ವಿಷಯಕ್ಕೆ ಒಪ್ಪಂದದಲ್ಲಿ ಒಂದು ಸಾಲೂ ಇಲ್ಲ. ಬ್ಯಾಂಕಿನವನ ಕಣ್ಣಿಗೆ ಇದು ವಿಚಿತ್ರ ಲೆಜರು. ಆರಂಭದ ಶಿಲ್ಕು ಎಷ್ಟೋ ಅಖೈರು ಶಿಲ್ಕೂ ಅಷ್ಟೇ, ನಡುವೆ ಎರಡೂವರೆ ವರ್ಷದ ಖರ್ಚು ಮಾತ್ರ ಪುಟಗಟ್ಟಲೆ. ಅಮೆರಿಕ ಸರ್ಕಾರದ ಸಾಲ 1812ರಲ್ಲಿ ಸುಮಾರು 4.5 ಕೋಟಿ ಡಾಲರ್ ಇದ್ದದ್ದು 1816ಕ್ಕೆ ಸುಮಾರು 12.7 ಕೋಟಿಗೆ ಏರಿತ್ತು. ಸಾಲ ಎತ್ತಲು ಅನುಕೂಲವಾಗುತ್ತಿದ್ದ ರಾಷ್ಟ್ರೀಯ ಬ್ಯಾಂಕಿನ ಸನ್ನದನ್ನು 1811ರಲ್ಲಿ ಒಂದೇ ಮತದಿಂದ ನಿಲ್ಲಿಸಿ, ಮರುವರ್ಷ ಯುದ್ಧಕ್ಕೆ ಹೊರಟಿದ್ದರು! 1816ರಲ್ಲಿ ಬುದ್ಧಿ ಬಂದು ಮತ್ತೊಂದು ಬ್ಯಾಂಕಿಗೆ ಸನ್ನದು ಕೊಟ್ಟರು. ಮೂವತ್ತೈದು ವರ್ಷ ಕೌಂಟರಿನಲ್ಲಿ ಕೂತ ನನಗೆ ಇದನ್ನು ಓದಿ ಸ್ವಲ್ಪ ಸಂತೋಷವೇ ಆಯಿತು.

ಸುದ್ದಿ ಮತ್ತೆ ತಡವಾಯಿತು. ಒಪ್ಪಂದದ ಕಾಗದ ಹಡಗಿನಲ್ಲಿರುವಾಗಲೇ, 1815ರ ಜನವರಿ 8ರಂದು, ನ್ಯೂ ಆರ್ಲಿಯನ್ಸ್‌ನಲ್ಲಿ ದೊಡ್ಡ ಕಾಳಗ ನಡೆದು ಸುಮಾರು ಎರಡು ಸಾವಿರ ಇಂಗ್ಲಿಷ್ ಸೈನಿಕರು ಸತ್ತರು, ಗಾಯಗೊಂಡರು ಇಲ್ಲವೇ ಸೆರೆಯಾದರು. ಸತ್ತ ಅವರ ಸೇನಾಪತಿ ಪೇಕೆನ್‌ಹ್ಯಾಂ ಡ್ಯೂಕನ ಹೆಂಡತಿಯ ತಮ್ಮ.

ಹಾಗಾದರೆ ಗೆದ್ದವರು ಯಾರು ಎಂದು ಮೊಮ್ಮಕ್ಕಳು ಕೇಳಿದರು. ಮೊಮ್ಮಗಳಿಗೆ ಹೇಳಿದೆ, ನಿಮ್ಮ ನೆಲ ನಿಮಗೆ ಉಳಿಯಿತು, ಅದು ನಿಜ. ಮೊಮ್ಮಗನಿಗೆ ಹೇಳಿದೆ, ಲೋಕದ ದೊಡ್ಡ ನೌಕಾಪಡೆಯ ಮುಂದೆ ನಿಮ್ಮವರು ನಿಂತರು, ಅದೂ ನಿಜ. ಆದರೆ ಇಬ್ಬರೂ ಟೆಕಮ್ಸೆ ಎಂಬ ಹೆಸರು ಹುಡುಕಿ, ಪುಸ್ತಕದಲ್ಲಿ ಎಷ್ಟು ಸಾಲು ಇದೆ ಎಣಿಸಿ, ಒಟ್ಟಿಗೆ ಕೂತು ನನಗೆ ಹೇಳಬೇಕು ಎಂದೆ. ಒಟ್ಟಿಗೆ ಕೂತು ಎಂಬುದೇ ಷರತ್ತು. ಒಬ್ಬೊಬ್ಬರೇ ಬಂದರೆ ಫೋನ್ ಎತ್ತುವುದಿಲ್ಲ. ಎರಡು ದಿನ ಬಿಟ್ಟು ಇಬ್ಬರೂ ಒಂದೇ ಪರದೆಯಲ್ಲಿ ಕಂಡರು. ಮೊಮ್ಮಗಳ ಪುಸ್ತಕದಲ್ಲಿ ಅರ್ಧ ಪುಟ, ಮೊಮ್ಮಗನದರಲ್ಲಿ ನಾಲ್ಕು ಸಾಲು.

ಟೆಕಮ್ಸೆ ಶಾನೀ ಎಂಬ ಮೂಲನಿವಾಸಿ ಜನರ ನಾಯಕ. ಬೇರೆ ಬೇರೆ ಬುಡಕಟ್ಟುಗಳನ್ನು ಒಂದುಗೂಡಿಸಿ, ನಮ್ಮ ನೆಲ ಯಾರೊಬ್ಬರೂ ಮಾರುವಂತಿಲ್ಲ ಎಂದು ಹಟ ಹಿಡಿದವನು. ನೆಲ ಉಳಿದೀತೆಂಬ ಆಸೆಯಿಂದ ಇಂಗ್ಲಿಷರ ಜೊತೆ ಸೇರಿದ. 1812ರ ಆಗಸ್ಟ್‌ನಲ್ಲಿ ಡೆಟ್ರಾಯಿಟ್ ಶರಣಾದದ್ದು ಅವನ ಜನರ ಬೆಂಬಲದಿಂದ. 1813ರ ಅಕ್ಟೋಬರ್ 5ರಂದು ಥೇಮ್ಸ್ ಎಂಬ ಹೊಳೆಯ ಬಳಿ (ಲಂಡನ್ನಿನದಲ್ಲ, ಕೆನಡಾದ ಥೇಮ್ಸ್) ಇಂಗ್ಲಿಷ್ ಪಡೆ ಬೇಗನೆ ಕೈಚೆಲ್ಲಿತು. ಟೆಕಮ್ಸೆ ನಿಂತು ಹೋರಾಡಿ ಸತ್ತ. ಗೆಂಟ್‌ನಲ್ಲಿ ಇಂಗ್ಲಿಷರು ಮೊದಲು ಮೂಲನಿವಾಸಿಗಳಿಗೆ ಪ್ರತ್ಯೇಕ ನಾಡು ಬೇಕೆಂದು ಕೇಳಿದರು, ಆಮೇಲೆ ಆ ಬೇಡಿಕೆ ಕೈಬಿಟ್ಟರು. ಕಡೆಗೆ ಒಪ್ಪಂದದ 9ನೇ ಕಲಮಿನಲ್ಲಿ, ಅವರಿಗೆ 1811ರಲ್ಲಿ ಇದ್ದ ಹಕ್ಕುಗಳನ್ನು ಮರಳಿಸುತ್ತೇವೆ ಎಂದು ಬರೆದುಕೊಂಡರು. ಮರಳಿಸಲಿಲ್ಲ. 1830ರಲ್ಲಿ ಅಮೆರಿಕ ಅವರನ್ನು ಮಿಸಿಸಿಪ್ಪಿಯ ಆಚೆಗೆ ಸಾಗಿಸಲೆಂದೇ ಒಂದು ಕಾನೂನು ಮಾಡಿತು. ಟೆಕಮ್ಸೆಯನ್ನು ಎಲ್ಲಿ ಮಣ್ಣು ಮಾಡಿದರು ಎಂಬುದು ಇವತ್ತಿಗೂ ಖಚಿತವಾಗಿಲ್ಲ.

ಮುಂದಿನ ವಾರ ಅಮೃತಮಹಲ್ ದನಗಳ ಬಗ್ಗೆ ಬರೆಯುತ್ತೇನೆ. ಅಷ್ಟರೊಳಗೆ ನಿಮ್ಮ ಮನೆಯ ಹಿರಿಯರನ್ನು ಕೇಳಿ, ಅವರು ಕಂಡ ಎತ್ತು, ಹೋರಿಗಳ ಹೆಸರುಗಳನ್ನು ಒಂದು ಕಾರ್ಡಿನಲ್ಲಿ ಬರೆದು ಕಳಿಸಿ.